ಹಳೆಯ ಕಾರಿನಲ್ಲಿ ದುಡ್ಡು ಸೋರುವುದು ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರುಗಳನ್ನು ಕುರಿತವು. ಕಾರುಗಳ ಹೆಸರು ಬೇರೆ ಬೇರೆಯಾದರೂ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿವೆ. ಇನ್ನೊಂದು ಸಾಮ್ಯವೂ ಕಣ್ಣಿಗೆ ಬಿತ್ತು: ಬಹುತೇಕ ಎಲ್ಲರೂ ‘ಯಾವ ಭಾಗ ಬದಲಾಯಿಸಲಿ’ ಎಂದು ಕೇಳಿದ್ದಾರೆಯೇ ಹೊರತು, ‘ಏಕೆ ಹೀಗಾಗುತ್ತಿದೆ’ ಎಂದು ಕೇಳಿದವರು ವಿರಳ.

ಪ್ರಶ್ನೆ: ನನ್ನ ಕಾರಿಗೆ 13 ವರ್ಷ. ಹೆದ್ದಾರಿಯಲ್ಲಿ ಎಷ್ಟು ದೂರ ಓಡಿಸಿದರೂ ಟೆಂಪರೇಚರ್ ಮುಳ್ಳು ಅರ್ಧದಿಂದ ಮೇಲೇರುವುದಿಲ್ಲ. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ ಮಾತ್ರ ಏರತೊಡಗುತ್ತದೆ. ಈ ತಿಂಗಳಲ್ಲಿ ಎರಡು ಸಲ ನೀರು ತುಂಬಿಸಿದ್ದೇನೆ. ರೇಡಿಯೇಟರನ್ನೇ ಬದಲಾಯಿಸಬೇಕು ಎನ್ನುತ್ತಿದ್ದಾರೆ. ನಿಜವಾಗಿಯೂ ಅಗತ್ಯವಿದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿದ್ದರೆ, ಎಂಜಿನ್ ಹೆಚ್ಚು ಶಾಖ ಹೊರಹಾಕುವ ಹೆದ್ದಾರಿಯಲ್ಲೇ ಮೊದಲು ತೊಂದರೆ ಕಾಣಿಸಿಕೊಳ್ಳಬೇಕಾಗಿತ್ತು. ವೇಗವಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಪೂರ್ತಿಯಾಗಿ ಫ್ಯಾನಿನ ಪಾಲಿಗೆ ಬರುತ್ತದೆ. ಆದ್ದರಿಂದ ಮೊದಲ ಅನುಮಾನ ಫ್ಯಾನಿನ ಮೇಲೆ.

ಇದನ್ನು ನೀವೇ ಪರೀಕ್ಷಿಸಬಹುದು. ಕಾರನ್ನು ತೆರೆದ ಜಾಗದಲ್ಲಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಎ.ಸಿ. ಆರಿಸಿ, ಎಂಜಿನ್ ಓಡಲು ಬಿಡಿ. ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಉಷ್ಣತೆ ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ, ಅಂದರೆ ಮುಳ್ಳು ಅರ್ಧವನ್ನು ಸ್ವಲ್ಪ ಮೀರುವಷ್ಟರಲ್ಲಿ, ಫ್ಯಾನು ತಾನಾಗಿಯೇ ತಿರುಗಬೇಕು. ತಿರುಗದಿದ್ದರೆ ಎ.ಸಿ. ಹಾಕಿ ನೋಡಿ, ಏಕೆಂದರೆ ಬಹುಪಾಲು ಕಾರುಗಳಲ್ಲಿ ಎ.ಸಿ. ಜೊತೆಗೇ ಫ್ಯಾನೂ ಶುರುವಾಗುತ್ತದೆ. ಆಗ ತಿರುಗಿದರೆ ಮೋಟಾರು ಚೆನ್ನಾಗಿದೆ, ದೋಷವಿರುವುದು ಉಷ್ಣತೆಯ ಸೆನ್ಸರಿನಲ್ಲೋ ಅದರ ವೈರಿನಲ್ಲೋ ಎಂದು ತಿಳಿಯಬಹುದು. ಆಗಲೂ ತಿರುಗದಿದ್ದರೆ ಫ್ಯೂಸು, ರಿಲೇ, ಮೋಟಾರು ಈ ಕ್ರಮದಲ್ಲಿ ನೋಡಿಸಿ. ಎರಡು ಫ್ಯಾನುಗಳಿರುವ ಕಾರಾದರೆ ಯಾವುದು ಯಾವಾಗ ತಿರುಗುತ್ತದೆಂಬುದನ್ನು ಗಮನಿಸಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನು ಏಕಾಏಕಿ ತಿರುಗುವುದುಂಟು, ಕೈ ದೂರವಿರಲಿ.

ಇನ್ನು ಎರಡು ಸಲ ತುಂಬಿಸಿದ ನೀರು ಎಲ್ಲಿಗೆ ಹೋಯಿತು? ನನಗೆ ಹೆಚ್ಚು ಕಳವಳ ತಂದದ್ದು ಇದೇ. ಕೂಲಿಂಗ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಅದರಿಂದ ತಿಂಗಳಿಗೊಮ್ಮೆ ನೀರು ಕಡಿಮೆಯಾಗುವುದು ಸಹಜವಲ್ಲ. ಮೊದಲು ಮುಚ್ಚಳವನ್ನು ಅನುಮಾನಿಸಿ. ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ, ಅದರೊಳಗಿನ ಸ್ಪ್ರಿಂಗು ವ್ಯವಸ್ಥೆಯಲ್ಲಿ ಸುಮಾರು 1 ಬಾರ್‌ನಷ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರಿಯ ನೀರು ಕೂಡ 120 ಡಿಗ್ರಿಯ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ಸ್ಪ್ರಿಂಗು ಸೋತಿದ್ದರೆ ಅಷ್ಟು ಮೊದಲೇ ಕುದಿದು ಹೊರಚೆಲ್ಲುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಇದು, ಎಲ್ಲರೂ ಕೊನೆಗೆ ನೋಡುವ ಭಾಗವೂ ಇದೇ. ಆಮೇಲೆ ರಬ್ಬರ್ ಹೋಸುಗಳ ತುದಿಯಲ್ಲಿ, ವಾಟರ್ ಪಂಪಿನ ಕೆಳಗಡೆ, ಒಣಗಿ ಹಕ್ಕಳೆಗಟ್ಟಿದ ಬಣ್ಣದ ಕಲೆ ಇದೆಯೇ ನೋಡಿ. ಕಾರಿನೊಳಗೆ ಮುಂದಿನ ಸೀಟಿನ ಕಾಲಡಿಯ ಹಾಸು ಒದ್ದೆಯಾಗಿ ಗಾಜಿಗೆ ಮಂಜು ಕಟ್ಟುತ್ತಿದ್ದರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿರಬಹುದು.

ಹೊರಗೆ ಎಲ್ಲಿಯೂ ಸೋರಿಕೆ ಸಿಗದೆ, ಬಿಸಿಯೇರಿದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿಹೊಗೆ ಬರುತ್ತಿದ್ದರೆ, ಕೂಲಂಟಿನ ಡಬ್ಬಿಯಲ್ಲಿ ಗುಳ್ಳೆಗಳೇಳುತ್ತಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲು ಹಾಲು ಬೆರೆತ ಕಾಫಿಯಂತೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಭಾಗಕ್ಕೂ ನಡುವೆ ಸೋರದಂತೆ ತಡೆಯುವ ಹಾಳೆ) ಹೋಗಿದೆಯೆಂದೇ ಅರ್ಥ. ಅಲ್ಲಿಗೆ ಹೋಗುವ ದಾರಿ ‘ಇನ್ನು ಎರಡೇ ಕಿಲೋಮೀಟರು, ಹೋಗಿಬಿಡೋಣ’ ಎಂಬ ಮಾತು. ಇಂದಿನ ಎಂಜಿನ್‌ಗಳ ಹೆಡ್ ಅಲ್ಯೂಮಿನಿಯಮ್ಮಿನದು. ಅತಿಯಾಗಿ ಕಾದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಬಾಗಿದರೂ ಗ್ಯಾಸ್ಕೆಟ್ ಮುಚ್ಚಿಕೊಳ್ಳುವುದಿಲ್ಲ. ಮುಳ್ಳು ಕೆಂಪುಗೆರೆಯತ್ತ ಹೊರಟಾಗ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಸುರಕ್ಷಿತವಾದ ಮೊದಲ ಜಾಗದಲ್ಲೇ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ಒತ್ತಡ ಇಳಿದ ಕ್ಷಣವೇ ಒಳಗಿನದೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ದುರಸ್ತಿಯಾದ ಮೇಲೆ ನಲ್ಲಿನೀರಿನ ಬದಲು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಬರಿಯ ನೀರಿನಿಂದ ಒಳಗೆ ತುಕ್ಕು ಮತ್ತು ಸುಣ್ಣದ ಪದರ ಬೆಳೆಯುತ್ತವೆ. ಆಗ, ಅವರು ಈಗ ಹೇಳುತ್ತಿರುವ ರೇಡಿಯೇಟರ್ ಖರ್ಚು ನಿಜವಾಗಿಯೂ ಬರುತ್ತದೆ.

ಪ್ರಶ್ನೆ: 9 ವರ್ಷದಲ್ಲಿ ನನ್ನ ಕಾರು ಓಡಿರುವುದು 45,000 ಕಿಲೋಮೀಟರು ಮಾತ್ರ. ಯಾವ ತೊಂದರೆಯೂ ಇಲ್ಲದಿದ್ದರೂ ಟೈಮಿಂಗ್ ಬೆಲ್ಟ್ ಬದಲಾಯಿಸಿ ಎನ್ನುತ್ತಾರೆ ಮೆಕ್ಯಾನಿಕ್. ಒಂದು ಲಕ್ಷ ಕಿಲೋಮೀಟರಿನವರೆಗೆ ಬಾಳುತ್ತದೆಂದು ಓದಿದ್ದೇನೆ.

ಉತ್ತರ: ನೀವು ಓದಿದ್ದು ವಾಕ್ಯದ ಮೊದಲರ್ಧ. ಕಾರಿನ ಕೈಪಿಡಿಯಲ್ಲಿ ಆ ಸಾಲನ್ನು ಪೂರ್ತಿ ಓದಿದರೆ ಕಿಲೋಮೀಟರಿನ ಪಕ್ಕದಲ್ಲಿ ವರ್ಷದ ಲೆಕ್ಕವೂ ಇರುತ್ತದೆ, ಯಾವುದು ಮೊದಲೋ ಅದು ಎಂಬ ಸೂಚನೆಯೂ ಇರುತ್ತದೆ. ಹಲವು ಸಣ್ಣ ಕಾರುಗಳಿಗೆ ಅದು 60,000ರಿಂದ 1,00,000 ಕಿಲೋಮೀಟರು ಅಥವಾ ಐದಾರು ವರ್ಷ. ಬೆಲ್ಟು ರಬ್ಬರಿನದು, ನಿಂತ ಕಾರಿನಲ್ಲಿಯೂ ರಬ್ಬರಿಗೆ ವಯಸ್ಸಾಗುತ್ತದೆ. ಕಡಿಮೆ ಓಡಿದ ಹಳೆಯ ಕಾರನ್ನು ‘ಹೊಸದರಂತಿದೆ’ ಎಂದು ಕೊಂಡವರಿಗೆ ಮೊದಲ ವರ್ಷವೇ ಎದುರಾಗುವ ಖರ್ಚುಗಳಲ್ಲಿ ಹೆಚ್ಚಿನವು ಹೀಗೆ ರಬ್ಬರಿಗೆ ಸಂಬಂಧಿಸಿದವೇ.

ತೊಂದರೆ ಕಾಣಿಸಿಕೊಂಡ ಮೇಲೆ ನೋಡೋಣವೆನ್ನಲು ಇದು ಮುನ್ಸೂಚನೆ ಕೊಡುವ ಭಾಗವಲ್ಲ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ, ಅದೇ ಜಾಗಕ್ಕೆ ಪಿಸ್ಟನ್ ಬಂದು ಹೋಗುತ್ತಿರುತ್ತದೆ. ಎರಡೂ ಒಂದಕ್ಕೊಂದು ತಗುಲದಂತೆ ಹೊಂದಿಸಿರುವುದು ಈ ಬೆಲ್ಟು. ಅದು ತುಂಡಾದರೆ, ಇಂಟರ್‌ಫಿಯರೆನ್ಸ್ ಮಾದರಿಯ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಗುದ್ದಿ ವಾಲ್ವುಗಳು ಬಾಗುತ್ತವೆ, ಹೆಡ್ ಬಿಚ್ಚಬೇಕಾಗುತ್ತದೆ. ಆ ಬಿಲ್ಲಿನ ಮುಂದೆ ಬೆಲ್ಟಿನ ಖರ್ಚು ಚಿಲ್ಲರೆ.

ಬೆಲ್ಟಿಗಿಂತ ಅದನ್ನು ತಲುಪುವ ಕೂಲಿಯೇ ಹೆಚ್ಚು. ಹಾಗಾಗಿ ಬಿಚ್ಚಿದಾಗಲೇ ಟೆನ್ಷನರ್, ಐಡ್ಲರ್ ಬೇರಿಂಗುಗಳನ್ನೂ, ಅದೇ ಬೆಲ್ಟಿನಿಂದ ತಿರುಗುವುದಾದರೆ ವಾಟರ್ ಪಂಪನ್ನೂ ಬದಲಾಯಿಸಿ. ಆಯಿಲ್ ಸೀಲುಗಳು ಒಸರುತ್ತಿವೆಯೇ ಎಂದೂ ನೋಡಿಸಿ. ಆರು ತಿಂಗಳಲ್ಲಿ ಪಂಪು ಸೋರಿ ಅದೇ ಕೂಲಿಯನ್ನು ಇನ್ನೊಮ್ಮೆ ಕೊಟ್ಟವರ ಪತ್ರಗಳು ನನ್ನ ಬಳಿ ಸಾಕಷ್ಟಿವೆ. ಇಷ್ಟೆಲ್ಲಕ್ಕೆ ಮುಂಚೆ ನಿಮ್ಮ ಎಂಜಿನ್‌ನಲ್ಲಿರುವುದು ಬೆಲ್ಟೇ ಎಂದು ಖಚಿತಪಡಿಸಿಕೊಳ್ಳಿ. ಚೈನಾಗಿದ್ದರೆ ಇಂಥ ಗಡುವು ಸಾಮಾನ್ಯವಾಗಿ ಇರುವುದಿಲ್ಲ; ಆದರೆ ಆಯಿಲ್ ಬದಲಾವಣೆ ತಪ್ಪಿಸಿದ ಎಂಜಿನ್‌ಗಳಲ್ಲಿ ಚೈನು ಸವೆದು ಉದ್ದವಾಗಿ, ಬೆಳಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡು ಗಲಗಲ ಸದ್ದು ಮಾಡುತ್ತದೆ.

ಪ್ರಶ್ನೆ: 1,500 ಕಿಲೋಮೀಟರಿಗೆ ಒಂದು ಲೀಟರ್ ಎಂಜಿನ್ ಆಯಿಲ್ ಬೇಕಾಗುತ್ತಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿಹೊಗೆ ಬಂದು, ಆಮೇಲೆ ನಿಲ್ಲುತ್ತದೆ. ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಹಾಕಬೇಕೆನ್ನುತ್ತಾರೆ. ದಪ್ಪ ಆಯಿಲ್ ಹಾಕಿದರೆ ಸಾಲದೇ?

ಉತ್ತರ: ಎರಡಕ್ಕೂ ಅವಸರ ಬೇಡ. ರಾತ್ರಿಯೆಲ್ಲ ನಿಂತ ಕಾರು ಬೆಳಗ್ಗೆ ಒಮ್ಮೆ ಹೊಗೆಯುಗುಳಿ ಸುಮ್ಮನಾಗುವುದು ಸಾಮಾನ್ಯವಾಗಿ ವಾಲ್ವ್ ಸೀಲ್ ಗಟ್ಟಿಯಾಗಿರುವುದರ ಲಕ್ಷಣ. ಮೇಲಿನ ಆಯಿಲು ವಾಲ್ವಿನ ಕಾಂಡದ ಗುಂಟ ಇಳಿದು ರಾತ್ರಿ ಒಳಗೆ ಸೇರಿರುತ್ತದೆ. ಪಿಸ್ಟನ್ನಿನ ಸುತ್ತ ಆಯಿಲು ಮೇಲೇರದಂತೆ ತಡೆಯುವ ರಿಂಗ್ ಸವೆದಿದ್ದರೆ ಏರುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದಷ್ಟು ಹೊತ್ತೂ ಹೊಗೆ ಬರುತ್ತದೆ. ಉದ್ದದ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದು, ತಳದಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿಮೋಡ ಎದ್ದರೆ ಅದೂ ವಾಲ್ವ್ ಸೀಲಿನ ಕಡೆಗೇ ಬೊಟ್ಟು ಮಾಡುತ್ತದೆ.

ಖಚಿತವಾಗಬೇಕಾದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರುಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ, ಕಡಿಮೆ ಬಂದ ಸಿಲಿಂಡರಿನೊಳಗೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಜಿಗಿದರೆ ರಿಂಗು, ಹಾಗೆಯೇ ಉಳಿದರೆ ವಾಲ್ವು ಅಥವಾ ಗ್ಯಾಸ್ಕೆಟ್. ಈ ಪರೀಕ್ಷೆ ಮಾಡದೆ ಎಂಜಿನ್ ಬಿಚ್ಚಲು ಹೊರಟವರಿಗೆ ಕಾರನ್ನು ಒಪ್ಪಿಸಬೇಡಿ. ಹಲವು ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ, ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು ವಾಲ್ವನ್ನು ಹಿಡಿದು ನಿಲ್ಲಿಸಿ, ಸೀಲುಗಳನ್ನು ಬದಲಾಯಿಸಲು ಬರುತ್ತದೆ. ಅದಕ್ಕೂ ಮೊದಲು, ಎಂಜಿನ್ನಿನೊಳಗೆ ಸೇರುವ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿ.ಸಿ.ವಿ. ವಾಲ್ವ್ ಕಟ್ಟಿಕೊಂಡಿದೆಯೇ ನೋಡಿಸಿ. ಅಂಗೈಯಲ್ಲಿ ಹಿಡಿಯುವ ಆ ಸಣ್ಣ ಭಾಗ ಎಷ್ಟೋ ಎಂಜಿನ್‌ಗಳಿಗೆ ‘ಆಯಿಲ್ ತಿನ್ನುತ್ತದೆ’ ಎಂಬ ಕೆಟ್ಟ ಹೆಸರು ತಂದಿದೆ.

ಲೆಕ್ಕವನ್ನೂ ನೋಡಿ. ಲೀಟರಿಗೆ 15 ಕಿಲೋಮೀಟರು ಕೊಡುವ ಕಾರು 1,500 ಕಿಲೋಮೀಟರಿಗೆ ಕುಡಿಯುವ ಪೆಟ್ರೋಲು 100 ಲೀಟರು. ಅದರ ಪಕ್ಕದಲ್ಲಿ ಒಂದು ಲೀಟರ್ ಆಯಿಲ್ ಎಂಜಿನ್ ಬಿಚ್ಚಿಸುವಷ್ಟು ದೊಡ್ಡ ಖರ್ಚಲ್ಲ. ಕೆಲವು ತಯಾರಕರು ಇದಕ್ಕಿಂತ ಹೆಚ್ಚಿನ ಬಳಕೆಯನ್ನೂ ಸಹಜವೆಂದೇ ಎಣಿಸುತ್ತಾರೆ. ಅಪಾಯವಿರುವುದು ಮಟ್ಟ ನೋಡದೆ ಓಡಿಸುವುದರಲ್ಲಿ. ಸಣ್ಣ ಎಂಜಿನ್‌ಗಳಲ್ಲಿ ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಲೀಟರಿನಷ್ಟೇ. ಅಂದರೆ ನಿಮ್ಮ ಕಾರು 1,500 ಕಿಲೋಮೀಟರಿನಲ್ಲಿ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಇಳಿದಿರುತ್ತದೆ. ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಆಯಿಲಿನ ಗ್ರೇಡನ್ನು ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗೇ ಆರಿಸಿ. ಆಯಿಲ್ ಸುಡುವ ಎಂಜಿನ್‌ನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯನ್ನು ಶುದ್ಧಗೊಳಿಸುವ ಭಾಗ) ಕಾಲಕ್ರಮೇಣ ಹಾಳಾಗುತ್ತದೆಂಬುದೂ ನಿಜ. ಬಳಕೆ ಏರುತ್ತಲೇ ಹೋದರೆ ದುರಸ್ತಿಯನ್ನು ಮುಂದೂಡಬೇಡಿ.

ಪ್ರಶ್ನೆ: ಮುಂದಿನ ಚಕ್ರದ ಕಡೆಯಿಂದ ಟಕಟಕ ಸದ್ದು. ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಎಂದು ಏಳು ಭಾಗಗಳ ಪಟ್ಟಿ ಕೊಟ್ಟಿದ್ದಾರೆ. ಎಲ್ಲವನ್ನೂ ಹಾಕಿಸಬೇಕೆ?

ಉತ್ತರ: ಸದ್ದು ಯಾವಾಗ ಬರುತ್ತದೆ ಎಂಬುದನ್ನು ನೀವು ಬರೆದಿಲ್ಲ, ಪಟ್ಟಿ ಕೊಟ್ಟವರೂ ಕೇಳಿದಂತಿಲ್ಲ. ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಉಬ್ಬುತಗ್ಗಿಗೆ ಟಕಟಕ ಎಂದರೆ ಬಹುಮಟ್ಟಿಗೆ ಲಿಂಕ್ ರಾಡ್, ಪಟ್ಟಿಯಲ್ಲಿರುವ ಅಗ್ಗದ ಭಾಗಗಳಲ್ಲೊಂದು. ಬ್ರೇಕ್ ಹಾಕಿದಾಗ ಅಥವಾ ಹೊರಡುವಾಗ ‘ದಡ್’ ಎಂದು ಒಂದೇ ಸಲ ಕೇಳಿದರೆ ಲೋವರ್ ಆರ್ಮಿನ ರಬ್ಬರ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗು ಜಾರಿದಂತೆ ‘ಟಂಗ್’ ಎಂದರೆ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್. ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟ್. ವೇಗದೊಂದಿಗೆ ಏರುವ ಗುಂಯ್‌ಗುಡುವಿಕೆ ವೀಲ್ ಬೇರಿಂಗಿನದು.

ಕಾರನ್ನು ಮೇಲೆತ್ತಿಸಿ, ಸಲಾಕೆಯಿಂದ ಒಂದೊಂದು ಕೀಲನ್ನೂ ಮೀಟಿ ಅಲುಗಾಟವನ್ನು ನಿಮ್ಮ ಕಣ್ಣೆದುರೇ ತೋರಿಸುವಂತೆ ಕೇಳಿ. ಅಲುಗುವುದನ್ನು ಬದಲಾಯಿಸಿ, ಅಲುಗದಿರುವುದನ್ನು ಬಿಡಿ. ಬಾಲ್ ಜಾಯಿಂಟ್ ಒಂದರಲ್ಲಿ ಮಾತ್ರ ಚೌಕಾಸಿ ಬೇಡ. ಅದು ಕಳಚಿದರೆ ಚಕ್ರವೇ ಮಡಿಚಿಕೊಳ್ಳುತ್ತದೆ. ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿಯೇ ಹಾಕಿಸಿ. ಹೊಸ ಬುಷ್ ಹಾಕಿಸಿದರೆ, ಅದರ ಬೋಲ್ಟನ್ನು ಕಾರು ಚಕ್ರದ ಮೇಲೆ ಕೂತಿರುವ ಸ್ಥಿತಿಯಲ್ಲೇ ಕೊನೆಯ ಬಿಗಿ ಕೊಡಬೇಕೆಂದು ಹೇಳಿ. ಜಾಕಿನ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಹೊಸ ಬುಷ್ ಕೂಡ ಬಾಳಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಪ್ರಶ್ನೆ: ಮೈಲೇಜ್ ಇದ್ದಕ್ಕಿದ್ದಂತೆ ಇಳಿದಿದೆ. ಪ್ಲಗ್, ಏರ್ ಫಿಲ್ಟರ್ ಎರಡೂ ಹೊಸವು. ಎಂಜಿನ್ ಬಿಸಿಯಾಗುವುದೂ ಇಲ್ಲ, ಮುಳ್ಳು ಕಾಲುಭಾಗ ದಾಟುವುದೇ ಇಲ್ಲ.

ಉತ್ತರ: ಮುಳ್ಳು ಮೇಲೇರದಿರುವುದು ಸಮಾಧಾನದ ಸಂಗತಿಯಲ್ಲ. ಎಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬೇಕು, ಅಥವಾ ಹಿಂದೆಂದೋ ಯಾರೋ ಅದನ್ನು ಕಿತ್ತೆಸೆದಿರಬೇಕು. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಹೊಸ ಥರ್ಮೋಸ್ಟ್ಯಾಟ್ ಹಾಕಿಸಿ. ಟೈರಿನ ಗಾಳಿ ಸರಿಯಿದೆಯೇ, ಓಡಿಸಿ ಬಂದ ಮೇಲೆ ಯಾವುದಾದರೊಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿ ಬ್ರೇಕ್ ಹಿಡಿದುಕೊಂಡಿದೆಯೇ ಎಂಬುದನ್ನೂ ನೋಡಿ.

ಪ್ರಶ್ನೆ: ವರ್ಷದ ಹಿಂದೆ ಹಾಕಿಸಿದ ಬ್ಯಾಟರಿ, ನಾಲ್ಕು ದಿನ ಕಾರು ನಿಲ್ಲಿಸಿದರೆ ಸೆಲ್ಫ್ ಎತ್ತುವುದಿಲ್ಲ. ಮತ್ತೊಂದು ಬ್ಯಾಟರಿ ಕೊಳ್ಳಲೇ?

ಉತ್ತರ: ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿ ವಿಶ್ರಮಿಸಿದ ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟ್, ಅರ್ಥಿಂಗ್ ವೈರು ನೋಡಿಸಿ. ಏರಿದರೆ, ನಿಂತಾಗ ಯಾವುದೋ ಕರೆಂಟ್ ಎಳೆಯುತ್ತಿದೆ. ಎಲ್ಲ ಆರಿಸಿ ಲಾಕ್ ಮಾಡಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಬಾರದು. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ, ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೆಂದು ಹುಡುಕಬೇಕು. ನಾನು ನನ್ನ ಹಳೆಯ ಕಾರಿನಲ್ಲಿ ಒಂದು ಬ್ಯಾಟರಿಯನ್ನು ಸುಮ್ಮನೆ ಬದಲಾಯಿಸಿದ ಮೇಲೆ ಕಳ್ಳನನ್ನು ಹಿಡಿದೆ: ಡಿಕ್ಕಿಯ ಸ್ವಿಚ್ಚು ಕೆಟ್ಟು, ಬಾಗಿಲು ಮುಚ್ಚಿದರೂ ಒಳಗೆ 5 ವ್ಯಾಟಿನ ದೀಪ ಉರಿಯುತ್ತಿತ್ತು. ಅಷ್ಟು ಸಣ್ಣ ದೀಪ ದಿನಕ್ಕೆ ಸುಮಾರು 10 ಆಂಪಿಯರ್ ಅವರ್ ತಿನ್ನುತ್ತದೆ. 35 ಆಂಪಿಯರ್ ಅವರಿನ ಬ್ಯಾಟರಿ ನಾಲ್ಕು ದಿನಕ್ಕೆ ಮಲಗುತ್ತದೆ. ನಿಮ್ಮ ಲೆಕ್ಕವೂ ನಾಲ್ಕು ದಿನವೇ. ಮೊಬೈಲಿನಲ್ಲಿ ವಿಡಿಯೋ ರೆಕಾರ್ಡಿಂಗ್ ಹಾಕಿ ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿ ನೋಡಿ.

ಪ್ರಶ್ನೆ: 14 ವರ್ಷದ ಕಾರಿಗೆ ಈಗ ಕ್ಲಚ್, ನಾಲ್ಕು ಟೈರು, ಮುಂದಿನ ಬ್ರೇಕ್ ಎಲ್ಲವೂ ಒಟ್ಟಿಗೆ ಬಂದಿವೆ. ಕಾರು ಮಾರಿದರೆ ಬರುವ ಹಣದ ಅರ್ಧಕ್ಕಿಂತ ಹೆಚ್ಚು ದುರಸ್ತಿಗೇ ಹೋಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಿದ್ದಾರೆ ಮನೆಯವರು. ಏನು ಮಾಡಲಿ?

ಉತ್ತರ: ಗಾದೆ ಚೆನ್ನಾಗಿದೆ, ಹೋಲಿಕೆ ಸರಿಯಿಲ್ಲ. ದುರಸ್ತಿಯ ಖರ್ಚನ್ನು ಕಾರಿನ ಮಾರಾಟದ ಬೆಲೆಯೊಂದಿಗೆ ತೂಗಿದರೆ ಹಳೆಯ ಕಾರು ಎಂದೂ ಗೆಲ್ಲುವುದಿಲ್ಲ. ತೂಗಬೇಕಾದದ್ದು ಮುಂದಿನ ಎರಡು ವರ್ಷ ಇದನ್ನು ಓಡಿಸುವ ಖರ್ಚನ್ನು, ಇದರ ಬದಲಿಗೆ ತರುವ ಕಾರಿನ ಎರಡು ವರ್ಷದ ಖರ್ಚಿನೊಂದಿಗೆ. ಹೊಸ ಕಾರಾದರೆ ಮೊದಲ ವರ್ಷಗಳಲ್ಲೇ ಅದರ ಬೆಲೆ ವೇಗವಾಗಿ ಇಳಿಯುತ್ತದೆ. ಬಿಲ್ಲು ಕೈಗೆ ಬರುವುದಿಲ್ಲವಾದ್ದರಿಂದ ಈ ನಷ್ಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಅದರ ಕ್ಲಚ್ಚು, ಟೈರು, ಬ್ರೇಕು ಎಷ್ಟು ಸವೆದಿವೆಯೋ ನಿಮಗೆ ತಿಳಿಯದು. ನಿಮ್ಮ ಕಾರಿನದು ತಿಳಿದಿದೆ.

ನೀವು ಹೇಳಿದ ಮೂರೂ ಸವೆಯಲೆಂದೇ ಇರುವ ಭಾಗಗಳು. ಇವು ಕಾರು ಮುಪ್ಪಾದುದರ ಗುರುತಲ್ಲ, ಓಡಿದುದರ ಗುರುತು. ಮೂರೂ ಒಟ್ಟಿಗೆ ಬಂದದ್ದು ಬೇಸರ ತರಿಸಿದೆ, ಅಷ್ಟೆ. ಬ್ರೇಕನ್ನು ಈ ವಾರವೇ ಮಾಡಿಸಿ. ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಇಳಿದಿದ್ದರೆ ಕಾಯಬೇಡಿ, ಎರಡು ವರ್ಷ ಮೀರಿದ್ದರೆ ಬ್ರೇಕ್ ಆಯಿಲನ್ನೂ ಬದಲಾಯಿಸಿ, ಏಕೆಂದರೆ ಅದು ಗಾಳಿಯ ತೇವವನ್ನು ಹೀರಿ ಬೇಗ ಕುದಿಯುವಂತಾಗುತ್ತದೆ. ಟೈರಿನ ಬದಿಯಲ್ಲಿ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರ. ಹೊಸ ಟೈರು ಕೊಳ್ಳುವಾಗಲೂ ಇದನ್ನು ಓದಿ.

ಕ್ಲಚ್ ಮಾತ್ರ ನಿಜವಾಗಿ ಸೋತಿದೆಯೇ ಎಂದು ಒಮ್ಮೆ ನೋಡಿ. ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರಿನಲ್ಲಿ, ನಾಲ್ಕನೆಯ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕೇಬಲ್ ಇರುವ ಕಾರುಗಳಲ್ಲಿ ಪೆಡಲಿನ ಫ್ರೀ ಪ್ಲೇ (ಒತ್ತಿದಾಗ ಮೊದಲಿಗಿರುವ ಸಡಿಲ) ಸರಿಯಿಲ್ಲದಿದ್ದರೂ ಹೀಗಾಗುವುದರಿಂದ ಮೊದಲು ಅದನ್ನು ಹೊಂದಿಸಲು ಹೇಳಿ. ಬದಲಾಯಿಸಲೇಬೇಕಾದರೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ.

ಹಾಗಾದರೆ ಮಾರುವುದು ಯಾವಾಗ? ಒಂದು ಕಾರಣ ಸುರಕ್ಷತೆ: ಏರ್‌ಬ್ಯಾಗು, ಎ.ಬಿ.ಎಸ್. ಇಲ್ಲದ ಕಾರಿನಲ್ಲಿ ದಿನವೂ ಮಕ್ಕಳನ್ನು ಕರೆದುಕೊಂಡು ಹೆದ್ದಾರಿಯಲ್ಲಿ ಹೋಗಬೇಕಾಗಿದ್ದರೆ, ಇಲ್ಲಿಯವರೆಗಿನ ನನ್ನ ಲೆಕ್ಕವನ್ನೆಲ್ಲ ಬದಿಗಿಡಿ. ಇನ್ನೊಂದು ಕಾರಣ ತುಕ್ಕು. ದುರಸ್ತಿಗೆ ಒಪ್ಪಿಗೆ ಕೊಡುವ ಮೊದಲು ಕಾರನ್ನು ಮೇಲೆತ್ತಿಸಿ, ಬಾಗಿಲುಗಳ ಕೆಳಗಿನ ಉದ್ದದ ಪಟ್ಟಿಯನ್ನು, ಶಾಕ್ ಅಬ್ಸಾರ್ಬರ್ ಕೂರುವ ಜಾಗಗಳನ್ನು, ಕೆಳಗಿನ ಚೌಕಟ್ಟಾದ ಸಬ್‌ಫ್ರೇಮ್ ಕಾರಿನ ಬಾಡಿಗೆ ಸೇರುವ ಬೋಲ್ಟುಗಳ ಸುತ್ತಲನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ನೋಡಿ. ‘ಠಣ್’ ಎಂದರೆ ಲೋಹ ಗಟ್ಟಿಯಿದೆ, ಮೂರನ್ನೂ ಮಾಡಿಸಿಕೊಂಡು ನಿಶ್ಚಿಂತೆಯಿಂದ ಓಡಿಸಿ. ಮಂಕಾದ ಸದ್ದು ಬಂದು ಬಣ್ಣದ ಹಕ್ಕಳೆ ಉದುರಿ, ಬೆರಳಿಟ್ಟರೆ ಒಳಗಿಳಿಯುವಂತಿದ್ದರೆ ಆ ಕಾರಿಗೆ ಹೊಸ ಕ್ಲಚ್ ಹಾಕಿಸಬೇಡಿ.